ಫಿಟ್ಸ್ ಮೆದುಳಿನಲ್ಲಿ ಎಲ್ಲಿ ಶುರುವಾಗುತ್ತೆ, ಹೇಗೆ ಹರಡುತ್ತೆ? ಗೊತ್ತಿರುವವರು ಬಿಡಿಸಿ ಹೇಳಿ

ಹಿಪ್ಪುನೇರಳೆ_ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ ಒಂಬತ್ತು ವರ್ಷ. ಎರಡು ತಿಂಗಳಲ್ಲಿ ಮೂರು ಸಲ ಫಿಟ್ಸ್ ಬಂದಿದೆ. ಮೊದಲ ಸಲ ಅದು ಫಿಟ್ಸ್ ಅಂತಲೇ ನಮಗೆ ಗೊತ್ತಾಗಲಿಲ್ಲ. ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಕೂರಿಸಿ ತಲೆಗೆ ನೀರು ಹುಯ್ಯುತ್ತಿದ್ದೆ. ಸ್ಕೂಲಿನ ಕಥೆ ಹೇಳುತ್ತಾ ಇದ್ದವನು ಅರ್ಧಕ್ಕೇ ಮಾತು ನಿಲ್ಲಿಸಿದ. ಸೀಗೆಪುಡಿ ಕಣ್ಣಿಗೆ ಹೋಯಿತೇನೋ ಅಂತ ಮುಖ ಒರೆಸಿದೆ. ಕಣ್ಣು ಬಿಟ್ಟೇ ಇದ್ದ, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಏನೋ ಅಗಿಯುತ್ತಿರುವ ಹಾಗೆ ತುಟಿ ಚಪ್ಪರಿಸುತ್ತಿದ್ದ. ಎಡಗೈಯಲ್ಲಿ ಮೊಣಕಾಲನ್ನು ಸುಮ್ನೆ ಉಜ್ಜುತ್ತಾ ಇದ್ದ. ಬಲಗೈ ಮಾತ್ರ ಬಿಗಿಯಾಗಿ ತಿರುಚಿಕೊಂಡು ನಿಂತುಬಿಟ್ಟಿತ್ತು. ಹೆಸರು ಹಿಡಿದು ಎಷ್ಟು ಕೂಗಿದರೂ ತಿರುಗಲಿಲ್ಲ. ಒಂದು ನಿಮಿಷ ಆಗಿರಬಹುದು. ಆಮೇಲೆ ಎಚ್ಚರವಾಗಿ, ಏನೂ ಆಗಿಲ್ಲವೇನೋ ಅನ್ನುವ ಹಾಗೆ, ನಿದ್ದೆ ಬರುತ್ತಿದೆ ಅಂದ.

ಎರಡನೇ ಸಲ ಹಬ್ಬದ ದಿನ, ಇದೇ ತರಹ. ಮೂರನೇ ಸಲ ಹೋದ ಭಾನುವಾರ. ಈ ಸಲ ಅಷ್ಟಕ್ಕೇ ನಿಲ್ಲಲಿಲ್ಲ. ತಲೆ ಬಲಗಡೆಗೆ ತಿರುಗಿತು, ಕೈಕಾಲು ಸೆಟೆದುಕೊಂಡಿತು, ಆಮೇಲೆ ಇಡೀ ಮೈ ಜಗ್ಗಾಡಿತು. ಬಾಯಲ್ಲಿ ನೊರೆ ಬಂತು. ನನ್ನ ಕೈಕಾಲಲ್ಲಿ ಶಕ್ತಿಯೇ ಇರಲಿಲ್ಲ, ಅತ್ತೆ ಓಡಿ ಬಂದು ಹಿಡಿದುಕೊಂಡರು.

ಮೊದಲ ಸಲ ತೋರಿಸಿದಾಗ ಒಂದು ಕ್ಲಿನಿಕ್‌ನಲ್ಲಿ ಮಗು ಹೆದರಿಕೊಂಡಿದೆ ಅಂದಿದ್ದರು. ಈಗ ಇನ್ನೊಬ್ಬ ಡಾಕ್ಟರು ನೋಡಿ "ಮೆದುಳಲ್ಲಿ ಕರೆಂಟ್ ಜಾಸ್ತಿ ಆಗಿದೆ, ಇಇಜಿ ಮಾಡಿಸಿ" ಅಂತ ಬರೆದುಕೊಟ್ಟಿದ್ದಾರೆ. ಕರೆಂಟ್ ಅಂದರೆ ಏನು? ಎಲ್ಲಿಂದ ಬರುತ್ತೆ? ತಲೆಯಲ್ಲಿ ಎಲ್ಲೋ ಒಂದು ಕಡೆ ಆದರೆ ಇಡೀ ಮೈ ಯಾಕೆ ಹಾಗೆ ಜಗ್ಗುತ್ತೆ? ಅಲ್ಲಿ ಕೇಳೋಣ ಅಂದರೆ ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಬಾಯಿ ಬರಲಿಲ್ಲ. ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಾದರೆ ನನಗೆ ಸ್ವಲ್ಪ ಧೈರ್ಯ ಬರುತ್ತೆ.

ಚಿಂತಾಮಣಿ_ರೈತ

ಅಕ್ಕಾ, ಹೆದರಬೇಡಿ. ನಮ್ಮ ದೊಡ್ಡಮಾವನಿಗೆ ಇಪ್ಪತ್ತು ವರ್ಷ ಇತ್ತು. ಬಂದ ತಕ್ಷಣ ಕಬ್ಬಿಣದ ಬೀಗದ ಕೈ ಕೈಯಲ್ಲಿ ಇಡುತ್ತಿದ್ದೆವು, ಒಂದೆರಡು ನಿಮಿಷಕ್ಕೆ ನಿಂತುಹೋಗುತ್ತಿತ್ತು. ನಾನೇ ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಆಸ್ಪತ್ರೆಗೂ ತೋರಿಸಿ, ಜೊತೆಗೆ ಒಂದು ಬೀಗದ ಕೈ ಹತ್ತಿರದಲ್ಲೇ ಇರಲಿ.

ನಂದಿತಪ್ಪಲು

ಅಕ್ಕಾ, ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ 14 ವರ್ಷದಿಂದ ಇಇಜಿ ಟೆಕ್ನಿಷಿಯನ್. ಇಇಜಿ ಅಂದರೆ ತಲೆಗೆ ವೈರು ಅಂಟಿಸಿ ಮೆದುಳಿನ ಮಿಡಿತವನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆ. ಊರು ಚಿಕ್ಕಬಳ್ಳಾಪುರದ ಹತ್ತಿರ. ಡಾಕ್ಟರ್ ಅಲ್ಲ, ಆದರೆ ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಈ ಗೆರೆಗಳನ್ನೇ ನೋಡುವುದು ನನ್ನ ಕೆಲಸ. ನೀವು ಇಷ್ಟು ಚೆನ್ನಾಗಿ ಗಮನಿಸಿ ಬರೆದಿದ್ದೀರಲ್ಲ, ಅದಕ್ಕೇ ಕೂತು ಉತ್ತರ ಬರೆಯುತ್ತಿದ್ದೇನೆ.

ಮೊದಲು "ಕರೆಂಟ್ ಜಾಸ್ತಿ" ಅನ್ನುವ ಮಾತು. ಎಲ್ಲರಿಗೂ ಹಾಗೇ ಹೇಳುತ್ತಾರೆ, ಕೇಳಿದವರು ಮೆದುಳಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟುಹೋಗಿದೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಮನುಷ್ಯನ ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶ ಇವೆ. ಪ್ರತಿಯೊಂದರ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಕೋಶದ ಗೋಡೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಸೋಡಿಯಂ ಬಾಗಿಲು ತೆರೆದು ಅದು ಒಳಗೆ ನುಗ್ಗಿದರೆ ಕೋಶ ಒಂದು ಸಲ ಮಿಡಿಯುತ್ತೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು, ಅಷ್ಟೇ. ಆ ಮಿಡಿತ ಮುಂದಿನ ಕೋಶಕ್ಕೆ ದಾಟುವುದು ರಾಸಾಯನಿಕದ ಮೂಲಕ. ಗ್ಲುಟಮೇಟ್ ಅನ್ನುವುದು "ನೀನೂ ಮಿಡಿ" ಅನ್ನುತ್ತೆ. ಗಾಬಾ ಅನ್ನುವುದು "ಸುಮ್ಮನಿರು" ಅನ್ನುತ್ತೆ. ಇವೆರಡೂ ಸಮ ಇರುವ ತನಕ ಎಲ್ಲ ಸರಿಯಾಗಿರುತ್ತೆ.

ರೇಷ್ಮೆ ಗೂಡಿನ ಮಾರ್ಕೆಟ್ ಒಳಗೆ ಹೋದರೆ ಹೇಗಿರುತ್ತೆ? ಒಬ್ಬೊಬ್ಬರು ಒಂದೊಂದು ಮಾತು. ದೂರದಿಂದ ಕೇಳಿದರೆ ಬರೀ ಗದ್ದಲ. ಮೆದುಳು ಸರಿಯಾಗಿ ಕೆಲಸ ಮಾಡುವಾಗ ಇರುವುದೂ ಹಾಗೇ. ನಮ್ಮ ಮೆಷಿನ್‌ನಲ್ಲಿ ಆಗ ಸಣ್ಣ ಸಣ್ಣ ಅಲೆ ಕಾಣುತ್ತೆ, ಒಂದು ವೋಲ್ಟನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂಥ ಕೆಲವು ಹತ್ತು ಭಾಗದಷ್ಟು. ಈಗ ಮಾರ್ಕೆಟ್‌ನ ಒಂದು ಮೂಲೆಯಲ್ಲಿರುವ ಸಾವಿರ ಜನ ತಮ್ಮ ಮಾತು ಬಿಟ್ಟು, ಒಂದೇ ತಾಳಕ್ಕೆ ಒಂದೇ ಪದ ಕೂಗಲು ಶುರು ಮಾಡಿದರು ಅಂದುಕೊಳ್ಳಿ. ಅದೇ ಫಿಟ್ಸ್. ಕೋಶಗಳು ಒಂದೊಂದು ಸಲ ಮಿಡಿಯುವ ಬದಲು ಪಟಪಟ ಅಂತ ಗೊಂಚಲಾಗಿ ಮಿಡಿಯುತ್ತವೆ, ಅದೂ ಎಲ್ಲ ಒಟ್ಟಿಗೆ. ತಲೆಯ ಮೇಲೆ ನಾವು ಅಂಟಿಸುವ ವೈರಿಗೆ ಅದು ಸಿಗಬೇಕಾದರೆ ಕೆಳಗೆ ಹಲವು ಚದರ ಸೆಂಟಿಮೀಟರ್ ಜಾಗ ಒಟ್ಟಿಗೆ ಮಿಡಿಯುತ್ತಿರಬೇಕು.

ಇನ್ನು ಹರಡುವುದು. ಇದನ್ನು ನಮ್ಮ ಕೆರೆಗಳಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತೆ. ನಮ್ಮ ಜಿಲ್ಲೆಯಲ್ಲಿ ನದಿ ನೀರಿಲ್ಲ, ಹಿರಿಯರು ಕೆರೆಗಳನ್ನು ಒಂದರ ಕೆಳಗೆ ಒಂದು ಕಟ್ಟಿದ್ದಾರೆ. ಮೇಲಿನದು ಕೋಡಿ ಹರಿದರೆ ಕಾಲುವೆಯಲ್ಲಿ ನೀರು ಕೆಳಗಿನ ಕೆರೆಗೆ ಹೋಗುತ್ತೆ. ಜೊತೆಗೆ ಗದ್ದೆ ಗದ್ದೆಗೂ ನಡುವೆ ಬದು ಇರುತ್ತೆ, ಅಲ್ವಾ? ಮೆದುಳಲ್ಲೂ ಎರಡೂ ಇವೆ.

ಬದು ಅಂದರೆ ಗಾಬಾ ಕೋಶಗಳು. ಒಂದು ಜಾಗದಲ್ಲಿ ಹುಚ್ಚು ಮಿಡಿತ ಶುರುವಾದ ತಕ್ಷಣ ಸುತ್ತಲಿನ ಗಾಬಾ ಕೋಶಗಳು ಜೋರಾಗಿ ಕೆಲಸಕ್ಕೆ ಇಳಿದು ತಡೆಯುತ್ತವೆ. ಎಷ್ಟೋ ಸಲ ಅಲ್ಲಿಗೇ ನಿಂತುಹೋಗುತ್ತೆ, ಹೊರಗೆ ಯಾರಿಗೂ ಗೊತ್ತೇ ಆಗುವುದಿಲ್ಲ. ಆದರೆ ಮಿಡಿತ ಮುಂದುವರಿದರೆ ಬದು ಸೋಲುತ್ತೆ. ಯಾಕೆ ಅಂದರೆ ಮಿಡಿದ ಪ್ರತಿ ಕೋಶವೂ ಪೊಟ್ಯಾಸಿಯಂ ಹೊರಗೆ ಬಿಡುತ್ತೆ. ಅದು ಹೊರಗೆ ಸೇರುತ್ತಾ ಹೋದರೆ ಪಕ್ಕದ ಕೋಶಗಳೂ ಕೆರಳುತ್ತವೆ. ಇನ್ನೊಂದು ಕಡೆ, ಗಾಬಾ ಸುಮ್ಮನಾಗಿಸುವುದು ಕೋಶದ ಒಳಗೆ ಕ್ಲೋರೈಡ್ ಬಿಟ್ಟು. ಒಳಗೆ ಕ್ಲೋರೈಡ್ ತುಂಬಿಹೋದರೆ ಅದೇ ಗಾಬಾ ತಡೆಯುವುದನ್ನು ಬಿಡುತ್ತೆ, ಕೆಲವೊಮ್ಮೆ ತಾನೇ ಕೆರಳಿಸುತ್ತೆ. ಹೀಗೆ ಒಂದು ಬದು ಒಡೆದು ಪಕ್ಕದ ಗದ್ದೆಗೆ, ಅದು ತುಂಬಿ ಅದರ ಪಕ್ಕದ್ದಕ್ಕೆ. ಈ ಹರಿವು ತುಂಬಾ ನಿಧಾನ. ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್, ಅಥವಾ ಅದಕ್ಕಿಂತ ಕಡಿಮೆ. ಆಪರೇಷನ್ನಿಗೆ ಮೊದಲು ಮೆದುಳಿನೊಳಗೇ ಸಣ್ಣ ತಂತಿ ಇಟ್ಟ ರೋಗಿಗಳಲ್ಲಿ ಇದನ್ನು ಅಳೆದಿದ್ದಾರೆ.

ಕಾಲುವೆ ಅಂದರೆ ಉದ್ದದ ನರತಂತುಗಳು. ಮೆದುಳಿನ ಒಂದು ಭಾಗದಿಂದ ದೂರದ ಇನ್ನೊಂದು ಭಾಗಕ್ಕೆ ನೇರ ದಾರಿ. ಎಡ ಬಲ ಎರಡು ಅರ್ಧಗಳನ್ನು ಕೂಡಿಸುವ ಕಾರ್ಪಸ್ ಕಲೋಸಮ್ ಅನ್ನುವ ದಪ್ಪ ಪಟ್ಟಿಯಲ್ಲೇ ಸುಮಾರು 20 ಕೋಟಿ ತಂತುಗಳಿವೆ. ನಡುವೆ ಥಲಾಮಸ್ ಇದೆ, ಎಲ್ಲ ಕಡೆಯ ದಾರಿಗಳೂ ಅಲ್ಲಿ ಬಂದು ಸೇರುತ್ತವೆ. ಮಿಡಿತ ಈ ಕಾಲುವೆಗೆ ಬಿದ್ದರೆ ಮಿಲಿಮೀಟರ್ ಲೆಕ್ಕ ಇಲ್ಲ, ಕಣ್ಣು ಮಿಟುಕಿಸುವುದರೊಳಗೆ ಆ ಕಡೆ ತಲುಪುತ್ತೆ.

ಈಗ ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ದಿಟ್ಟಿಸಿದ್ದು, ತುಟಿ ಚಪ್ಪರಿಸಿದ್ದು, ಕೈ ಸುಮ್ನೆ ಉಜ್ಜಿದ್ದು, ಇವು ಕಿವಿಯ ಮೇಲ್ಭಾಗದ ಒಳಗಿರುವ ಟೆಂಪೊರಲ್ ಲೋಬ್ ಕಡೆ ಬೆರಳು ತೋರಿಸುತ್ತವೆ. ಬಲಗೈ ತಿರುಚಿ ನಿಂತಿತ್ತು ಅಂದಿರಿ. ಬಲಗೈಯನ್ನು ನಡೆಸುವುದು ಎಡ ಮೆದುಳು. ಅಂದರೆ ಎಡಗಡೆ ಶುರುವಾಗಿರುವ ಸಾಧ್ಯತೆ ಜಾಸ್ತಿ. ಮೊದಲೆರಡು ಸಲ ಅಲ್ಲಲ್ಲೇ ನಿಂತಿದೆ. ಮೂರನೇ ಸಲ ಕಾಲುವೆಗೆ ಬಿದ್ದಿದೆ. ತಲೆ ಬಲಕ್ಕೆ ತಿರುಗಿತಲ್ಲ, ಅದು ಹರಡುತ್ತಿದ್ದ ಹೊತ್ತು. ಎರಡೂ ಅರ್ಧಕ್ಕೆ ಹೋದ ಮೇಲೆ ಇಡೀ ಮೈ ಸೆಟೆದಿದೆ. ಆ ಮೊದಲ ಅರ್ಧ ನಿಮಿಷ ನೀವು ನೋಡಿದ್ದೀರಲ್ಲ, ಡಾಕ್ಟರಿಗೆ ಅದು ಸ್ಕ್ಯಾನಿನಷ್ಟೇ ಮುಖ್ಯ. ತುಂಬಾ ಜನ ಬಂದು "ಬಿದ್ದ, ಒದ್ದಾಡಿದ, ನೊರೆ ಬಂತು" ಅಂತ ಮಾತ್ರ ಹೇಳುತ್ತಾರೆ. ಅದು ಕೊನೆಯ ಭಾಗ. ಅಷ್ಟು ಹೊತ್ತಿಗೆ ಯಾರಿಗೆ ಎಲ್ಲಿ ಶುರುವಾಗಿದ್ದರೂ ನೋಡಲು ಒಂದೇ ತರಹ ಇರುತ್ತೆ.

ಒಂದು ಪ್ರಶ್ನೆ. ಮೊದಲ ಸಲ ತಲೆಸ್ನಾನ ಮಾಡಿಸುವಾಗ ಅಂದಿರಿ. ಹಬ್ಬದ ದಿನ? ಹೋದ ಭಾನುವಾರ?

ಹಿಪ್ಪುನೇರಳೆ_ಶಿಡ್ಲಘಟ್ಟ

ಅಣ್ಣಾ, ನೀವು ಕೇಳಿದ ಮೇಲೆ ಮೈ ಜುಮ್ಮೆಂದಿತು. ಹಬ್ಬದ ದಿನ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆವು. ಹೋದ ಭಾನುವಾರವೂ ಬಚ್ಚಲಲ್ಲೇ. ಮೂರೂ ಸಲ ತಲೆಗೆ ನೀರು ಹುಯ್ಯುವಾಗಲೇ! ದಿನಾ ಮೈಗೆ ಮಾತ್ರ ಹಾಕಿಕೊಳ್ಳುತ್ತಾನೆ, ಆಗ ಏನೂ ಆಗುವುದಿಲ್ಲ. ನಾವು ಹಂಡೆಯಲ್ಲಿ ಕಾಯಿಸುವುದು, ನಮ್ಮ ಅತ್ತೆಗೆ ನೀರು ಸುಡುಸುಡು ಇರಬೇಕು, ಆಗಲೇ ಎಣ್ಣೆ ಬಿಡುತ್ತೆ ಅನ್ನುತ್ತಾರೆ. ಚೊಂಬಿನ ಮೇಲೆ ಚೊಂಬು ಹುಯ್ಯುತ್ತಾ ಹೋಗುತ್ತೇವೆ. ನಾನು ಇದನ್ನು ಜೋಡಿಸಿ ನೋಡಲೇ ಇಲ್ಲ. ನೀರಿಗೂ ಮೆದುಳಿಗೂ ಏನು ಸಂಬಂಧ?

ನಂದಿತಪ್ಪಲು

ಸಂಬಂಧ ಇದೆ ಅಕ್ಕಾ. ಇದಕ್ಕೆ ಹಾಟ್ ವಾಟರ್ ಎಪಿಲೆಪ್ಸಿ ಅಂತ ಹೆಸರು. ಬಿಸಿನೀರಿನ ಫಿಟ್ಸ್. ನ್ಯೂಜಿಲೆಂಡ್‌ನಿಂದ 1945ರಲ್ಲಿ ಮೊದಲು ವರದಿಯಾಯಿತು, ಟರ್ಕಿಯಲ್ಲೂ ಇದೆ. ಆದರೆ ಇಡೀ ಪ್ರಪಂಚದಲ್ಲಿ ಜಾಸ್ತಿ ಕಂಡಿದ್ದು ನಮ್ಮ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ. ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್ಚಂದ್ರ ಅವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅದಕ್ಕೂ ಮೊದಲೇ ಡಾ. ಕೆ.ಎಸ್. ಮಣಿ ಅವರು ಇಲ್ಲಿನ ರೋಗಿಗಳ ಬಗ್ಗೆ ಬರೆದಿದ್ದರು. ನಮ್ಮ ಊಟ, ನಮ್ಮ ರಕ್ತ ಅಂತ ಒಂದೇ ಕಾರಣ ಹೇಳಲಾಗದು, ಕೆಲವು ಮನೆತನಗಳಲ್ಲಿ ಸಾಲಾಗಿ ಬರುತ್ತೆ ಅನ್ನುವುದೂ ನಿಜ. ಆದರೆ ನಾವು ಸ್ನಾನ ಮಾಡುವ ರೀತಿಯನ್ನು ನೋಡಿ. 40ರಿಂದ 50 ಡಿಗ್ರಿ ಬಿಸಿ ಇರುವ ನೀರನ್ನು ಚೊಂಬಿನಲ್ಲಿ ತೆಗೆದು ಒಂದರ ಹಿಂದೆ ಒಂದು ನೆತ್ತಿಯ ಮೇಲೆ ಬೀಳುವ ಹಾಗೆ ಹುಯ್ಯುತ್ತೇವೆ.

ಯೋಚನೆ ಮಾಡಿ, ನೆತ್ತಿಯ ಚರ್ಮದಿಂದ ಬಿಸಿಯ ಸುದ್ದಿ, ನೀರು ಬಿದ್ದ ಸ್ಪರ್ಶದ ಸುದ್ದಿ, ಎರಡೂ ಒಂದೇ ಸಲಕ್ಕೆ ಮೆದುಳಿಗೆ ನುಗ್ಗುತ್ತವೆ. ಹೆಚ್ಚಿನವರ ಮೆದುಳು ಅದನ್ನು ತಡೆದುಕೊಳ್ಳುತ್ತೆ. ಆದರೆ ಕೆಲವು ಮಕ್ಕಳ ಟೆಂಪೊರಲ್ ಲೋಬ್ ಬಿಸಿಗೆ ತುಂಬಾ ಸೂಕ್ಷ್ಮ. ಅಲ್ಲಿನ ಬದು ಮೊದಲೇ ತೆಳ್ಳಗಿದೆ ಅಂದುಕೊಳ್ಳಿ, ಬಿಸಿನೀರು ಆ ಜಾಗಕ್ಕೆ ಬಂದ ಜೋರು ಮಳೆ. ಗಂಡುಮಕ್ಕಳಲ್ಲಿ ಜಾಸ್ತಿ ಕಾಣುತ್ತೆ. ಹೆಚ್ಚಿನವರಲ್ಲಿ ನಿಮ್ಮ ಮಗನ ಹಾಗೇ ದಿಟ್ಟಿಸುವುದು, ಅಸಂಬದ್ಧ ಮಾತು, ಭಯಪಡುವುದು, ಇಷ್ಟಕ್ಕೇ ಮುಗಿಯುತ್ತೆ. ಕೆಲವರಲ್ಲಿ ಇಡೀ ಮೈಗೆ ಹರಡುತ್ತೆ.

ಸಮಾಧಾನದ ವಿಷಯ ಏನೆಂದರೆ ಇದನ್ನು ತಡೆಯಬಹುದು. ಈಗಲೇ ಮಾಡಬಹುದಾದದ್ದು, ತಲೆಗೆ ಸುಡುನೀರು ನಿಲ್ಲಿಸಿ. ಉಗುರುಬೆಚ್ಚಗಿನ ನೀರು, ಅದೂ ಸ್ವಲ್ಪ ಸ್ವಲ್ಪವಾಗಿ, ಇಲ್ಲವೆ ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿ. ಬಚ್ಚಲ ಬಾಗಿಲ ಚಿಲಕ ಹಾಕಿಕೊಳ್ಳಲು ಬಿಡಬೇಡಿ. ಅಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೊಬಜಾಮ್ ಅನ್ನುವ ಮಾತ್ರೆ ಕೊಡುವ ಪದ್ಧತಿ ಇದೆ. ಅದು ಗಾಬಾಗೆ ಬಲ ಕೊಡುವ ಮಾತ್ರೆ, ಮಳೆಗೆ ಮುಂಚೆಯೇ ಬದುವಿಗೆ ಮಣ್ಣು ಏರಿಸಿದ ಹಾಗೆ. ಆದರೆ ಕೊಡಬೇಕಾ, ಎಷ್ಟು ಅನ್ನುವುದನ್ನು ನರರೋಗದ ಡಾಕ್ಟರೇ ಹೇಳಬೇಕು. ಕೆಲವು ಮಕ್ಕಳಿಗೆ ಮುಂದೆ ಸ್ನಾನ ಇಲ್ಲದೆಯೂ ಫಿಟ್ಸ್ ಬರುವುದುಂಟು, ಹಾಗಾಗಿ ತೋರಿಸುವುದನ್ನು ಬಿಡಬೇಡಿ.

ರೀಲರ್_ಹಳೇಪೇಟೆ

ನಾನು ಈ ವಿಷಯದಲ್ಲಿ ಯಾವತ್ತೂ ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಬದು, ಗದ್ದೆ ಅಂತ ಓದಿದ ಮೇಲೆ ಬರೆಯಲೇಬೇಕು ಅನ್ನಿಸಿತು. ಯಾಕೆ ಅಂದರೆ ಆ ನಿಧಾನದ ಹರಿವನ್ನು ನಾನು ಎಚ್ಚರ ಇರುವಾಗಲೇ ನೋಡಿದ್ದೇನೆ, ನನ್ನ ಕೈಯಲ್ಲೇ.

2009ನೇ ಇಸವಿ. ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆಯಲ್ಲಿ ಬೇಸಿನ್ ಮುಂದೆ ನಿಂತು ಗೂಡಿನ ಎಳೆ ಎತ್ತುತ್ತಿದ್ದೆ. ಬಲಗೈ ಹೆಬ್ಬೆರಳು ತಾನಾಗಿ ಕುಣಿಯಲು ಶುರುವಾಯಿತು. ಬಿಸಿನೀರು ತಾಗಿ ಹಾಗಾಗಿದೆ ಅಂದುಕೊಂಡು ಕೈ ಒದರಿದೆ. ನಿಲ್ಲಲಿಲ್ಲ. ಎಳೆ ಕಡಿಯಿತು. ತೋರುಬೆರಳು ಸೇರಿಕೊಂಡಿತು, ಆಮೇಲೆ ಎಲ್ಲ ಬೆರಳು, ಮಣಿಕಟ್ಟು, ಮೊಣಕೈ. ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದರೂ ಒಳಗಿನಿಂದ ಯಾರೋ ಜಗ್ಗಿದ ಹಾಗೆ. ಕೊನೆಗೆ ಬಾಯಿಯ ಬಲ ಮೂಲೆ ಎಳೆಯಿತು. ಅಷ್ಟೂ ಹೊತ್ತು ನನಗೆ ಪೂರ್ತಿ ಎಚ್ಚರ ಇತ್ತು. ಪಕ್ಕದವರು ಕೂಗಿದ್ದು ಕೇಳುತ್ತಿತ್ತು, ಉತ್ತರ ಕೊಡಲು ನಾಲಿಗೆ ಹೊರಳಲಿಲ್ಲ. ಹೆಬ್ಬೆರಳಿಂದ ಬಾಯಿಗೆ ಬರಲು ಹತ್ತಿರ ಹತ್ತಿರ ಒಂದು ನಿಮಿಷ ಆಗಿರಬೇಕು. ನಿಂತ ಮೇಲೆ ಅರ್ಧ ಗಂಟೆ ಬಲಗೈ ಎತ್ತಲು ಆಗಲಿಲ್ಲ. ಲಕ್ವ ಹೊಡೆಯಿತು ಅಂತ ಮನೆಯವರು ಗೋಳಾಡಿದರು.

ಸ್ಕ್ಯಾನಿನಲ್ಲಿ ಎಡ ಮೆದುಳಲ್ಲಿ ಒಂದು ಸಣ್ಣ ಚುಕ್ಕಿ, ಸುತ್ತ ಬಳೆಯ ಹಾಗೆ ಬಿಳಿ. ಲಾಡಿಹುಳುವಿನ ಮರಿ ಅಂದರು. ನಾವು ಮಾಂಸ ಮುಟ್ಟದವರು ಸಾರ್ ಅಂದೆ. ಹುಳುವಿನ ಮೊಟ್ಟೆ ಬರುವುದು ಮಾಂಸದಿಂದ ಅಲ್ಲ, ಹುಳ ಇರುವ ಮನುಷ್ಯನ ಮಲ ತಾಗಿದ ನೀರು, ತೊಳೆಯದ ಸೊಪ್ಪು, ಹಸಿ ತರಕಾರಿ, ತೊಳೆಯದ ಕೈ, ಇದರಿಂದ ಅಂದರು. ಅದು ಮೆದುಳಿಗೆ ಹೋಗಿ ಕೂತು, ಸಾಯುವಾಗ ಸುತ್ತ ಊತ ಬರುತ್ತೆ, ಆ ಊತ ಪಕ್ಕದ ಕೋಶಗಳನ್ನು ಕೆರಳಿಸುತ್ತೆ. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಇದು ದೊಡ್ಡ ಕಾರಣಗಳಲ್ಲಿ ಒಂದಂತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಕೊತ್ತಂಬರಿಯನ್ನೂ ಮೂರು ನೀರಲ್ಲಿ ತೊಳೆಯುತ್ತೇವೆ. ಮಾತ್ರೆ ನುಂಗಿದೆ, ಈಗ ಹತ್ತು ವರ್ಷದಿಂದ ಬಂದಿಲ್ಲ.

ಹೆಬ್ಬೆರಳಿಂದ ಬಾಯಿಗೆ ಯಾಕೆ ಹಾರಿತು, ಭುಜಕ್ಕೆ ಹೋಗಬೇಕಿತ್ತಲ್ಲ ಅನ್ನುವುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ನಂದಿತಪ್ಪಲು

ಅಣ್ಣಾ, ನೀವು ಬರೆದಿದ್ದು ಪಾಠದ ಪುಸ್ತಕದಲ್ಲಿ ಇಡಬಹುದಾದಷ್ಟು ಸ್ಪಷ್ಟವಾಗಿದೆ. ಮೈಮೇಲೆ ಬಾಯಿ ಮತ್ತು ಹೆಬ್ಬೆರಳು ದೂರ. ಆದರೆ ಮೆದುಳಿನ ಮೇಲೆ ಕೈಯನ್ನು ಆಡಿಸುವ ಗದ್ದೆಯ ಪಕ್ಕದ್ದೇ ಮುಖವನ್ನು ಆಡಿಸುವ ಗದ್ದೆ. ಹೆಬ್ಬೆರಳು ಮತ್ತು ಮುಖ ಅಕ್ಕಪಕ್ಕದವರು. ಅವೆರಡರ ನಡುವೆ ಕೆಲವೇ ಸೆಂಟಿಮೀಟರ್. ಸೆಕೆಂಡಿಗೆ ಒಂದು ಮಿಲಿಮೀಟರ್ ಲೆಕ್ಕ ಹಾಕಿ, ನೀವು ಹೇಳಿದ ಸಮಯಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತೆ.

ಇಂಗ್ಲೆಂಡಿನಲ್ಲಿ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಅನ್ನುವ ಡಾಕ್ಟರು 1870ರ ಹೊತ್ತಿಗೆ ನಿಮ್ಮಂಥವರನ್ನೇ ಕೂತು ನೋಡಿ, ಮೆದುಳಿನ ಹೊರಪದರದಲ್ಲಿ ಮೈಯ ಒಂದೊಂದು ಭಾಗಕ್ಕೂ ಒಂದೊಂದು ಜಾಗ ಇರಬೇಕು, ಫಿಟ್ಸ್ ಆ ಜಾಗಗಳ ಮೇಲೆ ನಡೆದುಕೊಂಡು ಹೋಗುತ್ತಿದೆ ಅಂತ ಊಹಿಸಿದರು. ಸ್ಕ್ಯಾನ್ ಇಲ್ಲ, ಇಇಜಿ ಇಲ್ಲ. ಮನುಷ್ಯರ ಇಇಜಿ ಬಗ್ಗೆ ಜರ್ಮನಿಯ ಹಾನ್ಸ್ ಬರ್ಗರ್ ಪ್ರಕಟಿಸಿದ್ದೇ 1929ರಲ್ಲಿ. ಬರೀ ಕಣ್ಣಲ್ಲಿ ನೋಡಿ ಕಂಡುಕೊಂಡಿದ್ದು. ಆ ಮೇಲೆ ಅರ್ಧ ಗಂಟೆ ಕೈ ಬಿದ್ದಿತ್ತಲ್ಲ, ಅದಕ್ಕೆ ಟಾಡ್ಸ್ ಪ್ಯಾರಲಿಸಿಸ್ ಅನ್ನುತ್ತಾರೆ. ಲಕ್ವ ಅಲ್ಲ. ಮಿಡಿದು ಸುಸ್ತಾದ ಜಾಗ ಸ್ವಲ್ಪ ಹೊತ್ತು ಕೆಲಸ ಬಿಡುತ್ತೆ, ತಾನೇ ಸರಿಹೋಗುತ್ತೆ. ಆದರೆ ಮೊದಲ ಸಲ ಕೈ ಬಿದ್ದರೆ ಲಕ್ವವೋ ಇದೋ ಅಂತ ಮನೆಯಲ್ಲಿ ತೀರ್ಮಾನ ಮಾಡಬೇಡಿ, ಆಸ್ಪತ್ರೆಗೆ ಓಡಬೇಕು.

ಟೀಚರ್_ಗೌರಿಬಿದನೂರು

ನನ್ನ ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಪಾಠ ಓದುತ್ತಾ ಓದುತ್ತಾ ನಿಲ್ಲಿಸುತ್ತಿದ್ದಳು. ಹತ್ತು ಸೆಕೆಂಡು. ರೆಪ್ಪೆ ಪಟಪಟ ಆಡುತ್ತಿತ್ತು. ಮತ್ತೆ ಅದೇ ಸಾಲಿನಿಂದ ಓದುತ್ತಿದ್ದಳು. ಬೀಳುವುದಿಲ್ಲ, ಸೆಟೆಯುವುದಿಲ್ಲ. ಗಮನ ಇಲ್ಲ ಅಂತ ನಾನೇ ಎಷ್ಟು ಸಲ ಎದ್ದು ನಿಲ್ಲಿಸಿದ್ದೇನೆ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಆಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಇದೂ ಟೆಂಪೊರಲ್ ಲೋಬ್‌ನಿಂದಲೇ ಬರುವುದಾ ಸರ್?

ನಂದಿತಪ್ಪಲು

ಅಲ್ಲ ಮೇಡಂ, ಇದು ಬೇರೆ. ಆಬ್ಸೆನ್ಸ್ ಅನ್ನುತ್ತಾರೆ. ಇದರಲ್ಲಿ ಒಂದು ಕೆರೆ ತುಂಬಿ ಇನ್ನೊಂದಕ್ಕೆ ಹೋಗುವ ಕಥೆ ಕಾಣುವುದಿಲ್ಲ. ಮೆದುಳಿನ ಹೊರಪದರಕ್ಕೂ ಥಲಾಮಸ್‌ಗೂ ನಡುವೆ ಹೋಗಿ ಬರುವ ಒಂದು ಸುತ್ತು ಇದೆ, ನಿದ್ದೆಯಲ್ಲಿ ಅಲೆ ಎಬ್ಬಿಸುವುದು ಅದೇ. ಎಚ್ಚರ ಇರುವಾಗ ಆ ಸುತ್ತು ಒಂದು ತಾಳಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ. ನಮ್ಮ ಮೆಷಿನ್‌ನಲ್ಲಿ ಎಡ ಬಲ ಎರಡೂ ಕಡೆ ಒಟ್ಟಿಗೆ, ಸೆಕೆಂಡಿಗೆ ಮೂರು ಸಲ, ಅಚ್ಚು ಹಾಕಿದ ಹಾಗೆ ಬರುತ್ತೆ. ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರಾಡು ಅನ್ನುತ್ತೇವೆ, ಎಷ್ಟೋ ಸಲ ಅಲ್ಲೇ ನಮ್ಮ ಮುಂದೆಯೇ ಬಂದುಬಿಡುತ್ತೆ. ಬಲೂನು ಊದುವ ಆಟದಂತೆ ಊದಿಸುತ್ತೇನೆ, ಮಕ್ಕಳಿಗೆ ಖುಷಿ.

ಎರಡಕ್ಕೂ ವ್ಯತ್ಯಾಸ ತಿಳಿಯುವುದು ಯಾಕೆ ಮುಖ್ಯ ಅಂದರೆ ಮಾತ್ರೆ ಬೇರೆ ಬೇರೆ. ಕಾರ್ಬಮಜೆಪಿನ್ ಸೋಡಿಯಂ ಬಾಗಿಲನ್ನು ಹಿಡಿದುಕೊಳ್ಳುತ್ತೆ, ಒಂದು ಜಾಗದಿಂದ ಶುರುವಾಗುವ ಫಿಟ್ಸ್‌ಗೆ ಒಳ್ಳೆಯ ಔಷಧಿ. ಅದನ್ನೇ ಆಬ್ಸೆನ್ಸ್ ಇರುವ ಮಗುವಿಗೆ ಕೊಟ್ಟರೆ ಜಾಸ್ತಿ ಆಗಬಹುದು. ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆಯನ್ನು ತಂದು ನುಂಗಿಸುವವರು ಇದ್ದಾರೆ, ಅದಕ್ಕೇ ಹೇಳಿದೆ. ಮತ್ತೆ ನೀವು ನಿಮ್ಮನ್ನು ಬೈದುಕೊಳ್ಳಬೇಡಿ. ಎಷ್ಟೋ ಮಕ್ಕಳ ಫಿಟ್ಸ್ ಮೊದಲು ಗೊತ್ತಾಗುವುದೇ ಕ್ಲಾಸಿನಲ್ಲಿ.

ಚಿಂತಾಮಣಿ_ರೈತ

ಎಲ್ಲ ಓದಿದೆ. ಒಂದು ಮಾತು ಕೇಳುತ್ತೇನೆ ಅಣ್ಣ, ತಪ್ಪು ತಿಳಿಯಬೇಡಿ. ಬೀಗದ ಕೈಯ ಬಗ್ಗೆ ನೀವು ಏನೂ ಹೇಳಲಿಲ್ಲ. ಅದರಿಂದ ಏನೂ ಆಗುವುದಿಲ್ಲ ಅಂದರೆ ನಮ್ಮ ಮಾವನಿಗೆ ಅಷ್ಟು ಸಲ ಹೇಗೆ ನಿಂತಿತು? ಹೋಗಲಿ, ಅದು ಹರಡುತ್ತಾ ಹೋಗುತ್ತೆ ಅಂದಿರಿ. ಬದು ಎಲ್ಲ ಒಡೆದ ಮೇಲೆ ನಿಲ್ಲಿಸುವವರು ಯಾರು?

ನಂದಿತಪ್ಪಲು

ತಪ್ಪೇನಿಲ್ಲ ಅಣ್ಣ, ಇಲ್ಲಿ ಬಂದ ಪ್ರಶ್ನೆಗಳಲ್ಲಿ ಇದೇ ಕಷ್ಟದ್ದು. ಹೆಚ್ಚಿನ ಫಿಟ್ಸ್ ಒಂದರಿಂದ ಮೂರು ನಿಮಿಷದೊಳಗೆ ತಾನಾಗಿ ನಿಲ್ಲುತ್ತೆ. ನಿಲ್ಲಿಸುವುದು ಮೆದುಳೇ. ಅಷ್ಟು ಜೋರಾಗಿ ಮಿಡಿದಾಗ ಕೋಶಗಳ ಶಕ್ತಿ ಖರ್ಚಾಗಿ ಅಡಿನೋಸಿನ್ ಅನ್ನುವುದು ಹೊರಗೆ ಸೇರುತ್ತೆ, ಅದು ಮಿಡಿತಕ್ಕೆ ಲಗಾಮು ಹಾಕುತ್ತೆ. ಸುತ್ತ ಹುಳಿ ಅಂಶ ಏರುತ್ತೆ, ಅದೂ ತಡೆಯುತ್ತೆ. ಕೊನೆಕೊನೆಗೆ ಇಇಜಿಯಲ್ಲಿ ಮಿಡಿತದ ನಡುವಿನ ಬಿಡುವು ಉದ್ದ ಆಗುತ್ತಾ ಆಗುತ್ತಾ ಹೋಗಿ, ಒಂದು ಕ್ಷಣಕ್ಕೆ ಇಡೀ ಮೆದುಳು ಒಟ್ಟಿಗೆ ಸುಮ್ಮನಾಗುತ್ತೆ. ಗೆರೆಗಳೆಲ್ಲ ಚಪ್ಪಟೆ. ನಾನು ನೂರಾರು ಸಲ ನೋಡಿದ್ದೇನೆ, ಇವತ್ತಿಗೂ ಆ ಕ್ಷಣ ನನ್ನ ಉಸಿರು ಸಿಕ್ಕಿಕೊಳ್ಳುತ್ತೆ. ನೀವು ಹುಡುಕಿ ತಂದು ಬೀಗದ ಕೈ ಇಡುವ ಹೊತ್ತಿಗೆ ಒಂದೂವರೆ ನಿಮಿಷ ಆಗಿರುತ್ತೆ. ನಿಮ್ಮ ಮಾವನ ಮೆದುಳು ನಿಲ್ಲಿಸಿದ್ದು. ನೀವು ಪ್ರೀತಿಯಿಂದಲೇ ಮಾಡಿದ್ದೀರಿ. ಆದರೆ ಸೆಟೆದ ಕೈಗೆ ಕಬ್ಬಿಣ ತುರುಕಿದರೆ ಗಾಯ ಆಗುತ್ತೆ, ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತೆ. ಈರುಳ್ಳಿ, ಚಪ್ಪಲಿ ಮೂಸಿಸುವುದೂ ಬೇಡ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ: ಗಡಿಯಾರ ನೋಡಿ, ತಲೆ ಕೆಳಗೆ ಮೆತ್ತನೆ ಬಟ್ಟೆ ಇಡಿ, ಒಂದು ಮಗ್ಗುಲಿಗೆ ಹೊರಳಿಸಿ. ಜೊಲ್ಲು ಹೊರಗೆ ಹೋಗಲಿ. ಅದುಮಿ ಹಿಡಿಯಬೇಡಿ. ಪೂರ್ತಿ ಎಚ್ಚರ ಆಗುವ ತನಕ ನೀರೂ ಕುಡಿಸಬೇಡಿ. ಒಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಆಗದೆಯೇ ಮತ್ತೆ ಬಂದರೆ, ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಐದು ನಿಮಿಷ ಯಾಕೆ ಅಂದರೆ ಅಷ್ಟು ಹೊತ್ತು ನಿಂತಿಲ್ಲ ಅಂದರೆ ಮೆದುಳಿನ ಲಗಾಮು ಕೆಲಸ ಮಾಡಿಲ್ಲ ಅಂತಲೇ ಅರ್ಥ. ಅಷ್ಟೇ ಅಲ್ಲ, ಗಾಬಾ ಹಿಡಿದುಕೊಳ್ಳುವ ಕೊಂಡಿಗಳು ಕೋಶದ ಮೇಲಿಂದ ಒಳಗೆ ಸರಿಯುತ್ತಾ ಹೋಗುತ್ತವೆ, ಹೊತ್ತಾದಷ್ಟೂ ಔಷಧಿ ಹಿಡಿಯುವುದಿಲ್ಲ.

ಮಾವಿನತೋಪು_ಶ್ರೀನಿವಾಸಪುರ

ನಮ್ಮ ತಂಗಿ ಎರಡು ವರ್ಷ ಚೆನ್ನಾಗಿದ್ದಳು. ಮದುವೆ ಮಾತುಕತೆ ಶುರುವಾಯಿತು, ಗಂಡಿನ ಕಡೆಯವರು ಮಾತ್ರೆ ನೋಡಿದರೆ ಕಷ್ಟ ಅಂತ ಮನೆಯಲ್ಲಿ ಒಂದೇ ದಿನ ನಿಲ್ಲಿಸಿಬಿಟ್ಟರು. ನಾಲ್ಕನೇ ದಿನ ಒಂದರ ಹಿಂದೆ ಒಂದು ಬಂದು ಐಸಿಯು ಸೇರಿದಳು. ಉಳಿದುಕೊಂಡಳು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹಿಂದೂ ಮದುವೆ ಕಾನೂನಿನಲ್ಲಿ ಮದುವೆಗೆ ಅಡ್ಡಿ ಅಂತ ಇದ್ದ ಮೂರ್ಛೆರೋಗದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ, ನಮ್ಮ ಮನೆಗಳಲ್ಲಿ ಇನ್ನೂ ತೆಗೆದಿಲ್ಲ. ನಾವು ಹೇಳಿಯೇ ಮದುವೆ ಮಾಡಿದೆವು. ಮಗು ಆಗುವ ಮುಂಚೆಯೇ ಡಾಕ್ಟರು, ವ್ಯಾಲ್‌ಪ್ರೋಯೇಟ್ ಅನ್ನುವ ಫಿಟ್ಸ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಅಂತ, ಅದನ್ನು ಬದಲಿಸಿ ಬೇರೆ ಮಾತ್ರೆ ಕೊಟ್ಟರು. ಹೆಣ್ಣುಮಕ್ಕಳ ಮನೆಯವರು ಇದನ್ನು ಕೇಳಿಯೇ ಕೇಳಿ.

ಮತ್ತೆ ಅಕ್ಕಾ, ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಿಲ್ಲ. 2022ರಲ್ಲಿ ನಿಮ್ಹಾನ್ಸ್ ಜೊತೆ ಸರ್ಕಾರ ಬ್ರೈನ್ ಹೆಲ್ತ್ ಕ್ಲಿನಿಕ್ ಶುರು ಮಾಡಿದಾಗ ಮೊದಲ ಸುತ್ತಿನಲ್ಲೇ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆಗಳು ಇದ್ದವು. ಅಲ್ಲಿ ವಿಚಾರಿಸಿ.

ಹಿಪ್ಪುನೇರಳೆ_ಶಿಡ್ಲಘಟ್ಟ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಇಇಜಿಗೆ ಹಿಂದಿನ ರಾತ್ರಿ ಮಗನನ್ನು ತಡವಾಗಿ ಮಲಗಿಸಿ, ನಸುಕಿಗೇ ಎಬ್ಬಿಸಿ ಕರೆದುಕೊಂಡು ಬನ್ನಿ ಅಂದಿದ್ದರು. ಬಸ್ಸಲ್ಲಿ ನಿದ್ದೆ ಮಾಡದ ಹಾಗೆ ಒಗಟು ಕೇಳುತ್ತಾ ಹೋದೆ. ಎಡ ಟೆಂಪೊರಲ್ ಕಡೆ ಚೂಪಾದ ಗೆರೆ ಸಿಕ್ಕಿವೆ. ಎಂಆರ್‌ಐ ನಾರ್ಮಲ್, ಗಡ್ಡೆ ಹುಳು ಏನೂ ಇಲ್ಲ. ಸ್ನಾನದ ವಿಷಯ ನಾನೇ ಮೊದಲು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು, ಯಾವ ಕೈ ತಿರುಚಿತು ಅಂತ ಎರಡು ಸಲ ಕೇಳಿದರು. ತಲೆಸ್ನಾನದ ದಿನ ಮುಂಚೆ ಕೊಡಲು ಮಾತ್ರೆ ಬರೆದುಕೊಟ್ಟಿದ್ದಾರೆ. ಅತ್ತೆಗೆ ಹಂಡೆ ನೀರು ಬಿಡಿಸುವುದು ಕಷ್ಟ ಆಯಿತು. ಈಗ ಅವರೇ ಮೊಣಕೈ ಅದ್ದಿ ನೋಡಿ, ಬೆಚ್ಚಗಿದ್ದರೆ ಮಾತ್ರ ಹುಯ್ಯಲು ಬಿಡುತ್ತಾರೆ. ಎರಡು ತಲೆಸ್ನಾನ ಆಯಿತು, ಏನೂ ಆಗಿಲ್ಲ.

ಒಂದು ವಿಷಯ ಹೇಳಬೇಕು. ಮೊನ್ನೆ ಕೆರೆ, ಬದು ಅಂತ ನೀವು ಬರೆದಿದ್ದನ್ನು ಅವನಿಗೆ ಓದಿ ಹೇಳಿದೆ. ಕೇಳಿಸಿಕೊಂಡು "ಅಮ್ಮ, ನನಗೆ ಬರುವ ಮುಂಚೆ ಹೊಟ್ಟೆಯಿಂದ ಏನೋ ತಣ್ಣಗೆ ಮೇಲೆ ಹತ್ತುತ್ತೆ, ಗಂಟಲಿಗೆ ಬರುತ್ತೆ, ಆಮೇಲೆ ಸುಟ್ಟ ವಾಸನೆ ಬರುತ್ತೆ, ಅಷ್ಟೇ ಗೊತ್ತು" ಅಂದ. ಯಾಕೋ ಹೇಳಲಿಲ್ಲ ಅಂದರೆ ಯಾರೂ ಕೇಳಲಿಲ್ಲ ಅಂದ. ಮೂರು ಸಲವೂ ಹಾಗೇ ಆಗಿತ್ತಂತೆ.

ನಂದಿತಪ್ಪಲು

ಅಕ್ಕಾ, ಅದೇ ಶುರು. ಹೊಟ್ಟೆಯಿಂದ ಏನೋ ಏರಿದಂತಾಗುವುದು, ಇಲ್ಲದ ವಾಸನೆ ಬರುವುದು, ಇವನ್ನು ಮುನ್ಸೂಚನೆ ಅನ್ನುತ್ತಾರೆ. ಆದರೆ ಆಗಲೇ ಫಿಟ್ಸ್ ನಡೆಯುತ್ತಿರುತ್ತೆ, ಟೆಂಪೊರಲ್ ಲೋಬಿನ ಒಳಮೂಲೆಯ ಒಂದು ಸಣ್ಣ ಜಾಗದಲ್ಲಿ ಮಾತ್ರ, ಅದಕ್ಕೇ ಅವನಿಗೆ ಇನ್ನೂ ಎಚ್ಚರ ಇರುತ್ತೆ. ಇನ್ನೂ ಯಾವ ಬದುವೂ ಒಡೆದಿಲ್ಲ. ಹಾಗಾದ ತಕ್ಷಣ "ಅಮ್ಮ ಬಂತು" ಅಂತ ಕೂಗಿ ನೆಲದ ಮೇಲೆ ಕೂತುಬಿಡಲು ಕಲಿಸಿ. ನೀವು ನೀರು ನಿಲ್ಲಿಸಿ, ತಲೆ ಒರೆಸಿ, ಮಗ್ಗುಲಿಗೆ ಮಲಗಿಸಿ. ಅವನು ಹೇಳಿದ್ದನ್ನು ತಿದ್ದದೆ, ಅವನ ಮಾತಲ್ಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಡಾಕ್ಟರಿಗೆ ಕೊಡಿ.

ಹಿಪ್ಪುನೇರಳೆ_ಶಿಡ್ಲಘಟ್ಟ

ಬರೆದಿಟ್ಟಿದ್ದೇನೆ ಅಣ್ಣ. ಅವನ ಕೈಯಲ್ಲೇ ಬರೆಸಿದ್ದೇನೆ.